ಹಳೆಯ ಜೀಪಿನ ಜಾತಕ

ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದ ನನ್ನ ತಂಗಿಯ ಮಗ, ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ, "ಮಾವ, ನಾಳೆ ನೀವು ನನ್ನ ಜೊತೆ ಚಿಕ್ಕಮಗಳೂರಿಗೆ ಬರಬೇಕು. ಅಲ್ಲೊಂದು ಜೀಪು ನೋಡಿದ್ದೇನೆ" ಎಂದ. ನನಗೆ ನಗು ಬಂತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳಿ ನಿವೃತ್ತನಾದವನಿಗೂ ಹಳೆಯ ಜೀಪಿಗೂ ಎಲ್ಲಿಯ ಸಂಬಂಧ? ಹಾಗೆಂದು ಕೇಳಿದಾಗ ಅವನು ಕೊಟ್ಟ ಉತ್ತರ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. "ಓಲೆಗರಿ ನೋಡಿ ಯಾವುದು ಮೂಲ, ಯಾವುದು ಆಮೇಲೆ ಯಾರೋ ಸೇರಿಸಿದ್ದು ಅಂತ ನೀವು ಹೇಳುತ್ತೀರಲ್ಲ ಮಾವ, ಇದೂ ಹಾಗೇ. ಗಾಡಿಗೆ ಏನೇನೋ ಸೇರಿಸಿದ್ದಾರೆ. ಏನೇನು ತೆಗೆದಿದ್ದಾರೋ ಗೊತ್ತಿಲ್ಲ."

ಆ ಕೊನೆಯ ಮಾತು, 'ಏನೇನು ತೆಗೆದಿದ್ದಾರೋ' ಎಂಬುದು, ನನ್ನನ್ನು ಐವತ್ತು ವರ್ಷಗಳಿಗೂ ಹಿಂದಿನ ಒಂದು ಮಳೆಗಾಲದ ರಾತ್ರಿಗೆ ಕರೆದುಕೊಂಡು ಹೋಯಿತು. ಅದರ ಸಂಗತಿಯನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ವಾಹನದ ಪೂರ್ವೋತ್ತರವನ್ನಷ್ಟು ಅರಿತುಕೊಳ್ಳುವುದು ಒಳ್ಳೆಯದು. ಹೊಸ ಗಾಡಿಯನ್ನು ಕೊಳ್ಳುವವನಿಗೆ ಚರಿತ್ರೆ ಬೇಕಾಗುವುದಿಲ್ಲ. ಹಳೆಯದನ್ನು ಕೊಳ್ಳುವವನು ಕೊಳ್ಳುವುದೇ ಚರಿತ್ರೆಯನ್ನು.

1940ರ ಬೇಸಗೆಯಲ್ಲಿ ಫ್ರಾನ್ಸು ಹಿಟ್ಲರನ ಸೇನೆಗೆ ಶರಣಾಗಿತ್ತು. ಯುದ್ಧ ತಮ್ಮ ಬಾಗಿಲಿಗೂ ಬರುವುದೆಂದು ಬಗೆದ ಅಮೆರಿಕದ ಸೇನಾಧಿಕಾರಿಗಳು ಆ ಜುಲೈ ತಿಂಗಳಲ್ಲಿ 135 ಕಂಪೆನಿಗಳಿಗೆ ಒಂದು ಪತ್ರವನ್ನು ಬರೆದರು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹಾಯುವಂಥ, ಹಗುರವಾದ, ಕಾಲು ಟನ್ ಭಾರ ಹೊರುವಂಥ ಸಣ್ಣ ಗಾಡಿಯೊಂದು ಬೇಕು. ಮಾದರಿ 49 ದಿನಗಳಲ್ಲಿ ಸಿದ್ಧವಾಗಬೇಕು ಎಂಬುದು ಅದರ ತಾತ್ಪರ್ಯ. 49 ದಿನಗಳಲ್ಲಿ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪಠ್ಯಪುಸ್ತಕದ ಕರಡು ತಿದ್ದುವುದೂ ಕಷ್ಟ. ಆದರೂ ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ, ಆಗಲೇ ಮುಳುಗುವ ಸ್ಥಿತಿಯಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಈ ಪಂಥವನ್ನು ಸ್ವೀಕರಿಸಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆಯನ್ನು ಬರೆದರು. ಸೆಪ್ಟೆಂಬರ್ 23ರಂದು, ಕೊಟ್ಟ ಗಡುವಿನೊಳಗೇ, ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾಶಿಬಿರವನ್ನು ತಲುಪಿತು.

ಅಲ್ಲಿಂದ ಮುಂದಿನ ಕತೆ ಬ್ಯಾಂಟಮ್ ಕಂಪೆನಿಗೆ ಸುಖದ್ದಲ್ಲ. ಇಷ್ಟು ಚಿಕ್ಕ ಕಾರ್ಖಾನೆ ಸೇನೆಗೆ ಬೇಕಾದಷ್ಟು ಗಾಡಿಗಳನ್ನು ಒದಗಿಸಲಾರದೆಂದು ಅಧಿಕಾರಿಗಳು ಅದರ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳ ಕೈಗೂ ಕೊಟ್ಟರು. ಕೊನೆಗೆ ನಿಂತ ಗಾಡಿಯಲ್ಲಿ ಬ್ಯಾಂಟಮ್ಮಿನ ಕಲ್ಪನೆಯಿತ್ತು, ವಿಲ್ಲೀಸಿನ 60 ಅಶ್ವಶಕ್ತಿಯ ಎಂಜಿನ್ನಿತ್ತು. ನಮಗೆಲ್ಲ ಪರಿಚಿತವಾದ, ತಗಡನ್ನು ಒತ್ತಿ ಸೀಳು ಬಿಡಿಸಿದ ಆ ಮುಖ ಮಾತ್ರ ಫೋರ್ಡಿನದು. ಯುದ್ಧ ಮುಗಿಯುವುದರೊಳಗೆ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ಮಾಡಿದುವು. ಕಲ್ಪನೆ ಕೊಟ್ಟ ಬ್ಯಾಂಟಮ್ ಮಾಡಿದ್ದು ಸುಮಾರು 2,600. ಆಮೇಲೆ ಅದಕ್ಕೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೈಲರುಗಳನ್ನು ತಯಾರಿಸುವ ಕೆಲಸ. ಗ್ರಂಥಸಂಪಾದಕನಾಗಿ ನಾನು ಇಲ್ಲಿ ಗಮನಿಸುವುದಿಷ್ಟೆ: ಯಾವುದನ್ನು ನಾವು 'ಅಸಲಿ ಜೀಪು' ಎನ್ನುತ್ತೇವೆಯೋ ಆ ಮೂಲಪಾಠವೇ ಮೂವರ ಕೈಯ ಬರಹ.

ಹೆಸರಿನ ವಿಷಯದಲ್ಲೂ ಅಷ್ಟೇ. ಫೋರ್ಡ್ ಕಂಪೆನಿಯ ಸಂಕೇತಾಕ್ಷರಗಳಾದ ಜಿ.ಪಿ. ಎಂಬುದೇ ಜೀಪಾಯಿತೆಂದು ಕೆಲವರು. ಪಾಪ್ಐ ಎಂಬ ನಾವಿಕನ ಚಿತ್ರಕತೆಯಲ್ಲಿ 1936ರಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ನುಗ್ಗಬಲ್ಲ ಯೂಜೀನ್ ಎಂಬ ಪುಟ್ಟ ಪ್ರಾಣಿಯ 'ಜೀಪ್' ಎಂಬ ಹೆಸರೇ ಸೈನಿಕರ ಬಾಯಲ್ಲಿ ಗಾಡಿಗೆ ಅಂಟಿತೆಂದು ಇನ್ನು ಕೆಲವರು. ಈ ಜಗಳ ತೀರಿಲ್ಲ. ಕನ್ನಡ ಮಾತ್ರ ಜಗಳಕ್ಕೆ ಕಾಯದೆ ಕೊನೆಗೊಂದು ಉಕಾರ ಹಚ್ಚಿ 'ಜೀಪು' ಎಂದು ಮನೆಯೊಳಕ್ಕೆ ಕರೆದುಕೊಂಡಿತು. ಇದಕ್ಕೂ ಹಿಂದೆ ಮಲೆನಾಡಿಗೆ ಬಂದ ಸೈಕಲ್ಲಿಗೆ ಆದ ಪಾಡನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ಬಲ್ಲರು. ಅಲ್ಲಿ ಅದು 'ಬೀಸೆಕಲ್ಲು' ಆಗಿಬಿಡುತ್ತದೆ. ಜೀಪು ಎಂಬ ಮಾತಿಗೆ ಅಂಥ ತಿರುಚು ಬೇಕಾಗಲಿಲ್ಲ. ಹುಟ್ಟುವಾಗಲೇ ಅದು ಅರ್ಧ ಕನ್ನಡವಾಗಿತ್ತು.

ಜೀಪಿಗೆ ಮಾರ್ಪಾಡು ಮಾಡುವ ಹವ್ಯಾಸ ಈಗಿನ ಹುಡುಗರದೆಂದು ಯಾರೂ ತಿಳಿಯಬೇಕಾಗಿಲ್ಲ. ಅದನ್ನು ಮೊದಲು ಮಾಡಿದವರು ಸೈನಿಕರೇ. ಬರ್ಮಾದ ರಣರಂಗದಲ್ಲಿ 1944–45ರಲ್ಲಿ ರೈಲಿನ ಎಂಜಿನ್ನುಗಳು ಸಿಕ್ಕದಿದ್ದಾಗ ಜೀಪಿನ ಟೈರುಗಳನ್ನು ತೆಗೆದು ಹಳಿಗೆ ಕೂರುವ ಕಬ್ಬಿಣದ ಗಾಲಿಗಳನ್ನು ಹಾಕಿ, ಅದರಿಂದ ಡಬ್ಬಿಗಳನ್ನು ಎಳೆಸಿದರು. ಗಾಯಾಳುಗಳ ಡೋಲಿ ಕಟ್ಟಲು ಚೌಕಟ್ಟು ಬೆಸೆದರು. ಯುದ್ಧ ಮುಗಿದ ಮೇಲೆ ಫಿಲಿಪೈನ್ಸಿನ ಮನಿಲಾ ನಗರದಲ್ಲಿ ಸೇನೆ ಬಿಟ್ಟುಹೋದ ಜೀಪುಗಳ ಹಿಂಭಾಗವನ್ನು ಉದ್ದಕ್ಕೆಳೆದು, ಮೇಲೆ ಮಾಡು ಹಾಕಿ, ಎದುರುಬದುರು ಬೆಂಚುಗಳನ್ನಿಟ್ಟು 'ಜೀಪ್‌ನಿ' ಎಂಬ ಹೊಸ ಜಾತಿಯನ್ನೇ ಹುಟ್ಟಿಸಿದರು. ಇಂಗ್ಲೆಂಡಿನ ರೋವರ್ ಕಂಪೆನಿಯ ಮುಖ್ಯ ವಿನ್ಯಾಸಕಾರ ಮಾರಿಸ್ ವಿಲ್ಕ್ಸ್, ವೇಲ್ಸಿನ ಆಂಗ್ಲ್‌ಸೀ ದ್ವೀಪದಲ್ಲಿದ್ದ ತಮ್ಮ ಹೊಲದ ಕೆಲಸಕ್ಕೆ ಸೇನೆಯ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದರು. ಇದು ಸವೆದುಹೋದರೆ ಮುಂದೇನು ಎಂಬ ಯೋಚನೆಯಿಂದ, 1947ರಲ್ಲಿ ಜೀಪಿನದೇ ಷಾಸಿಯ ಮೇಲೆ ಕಟ್ಟಿದ ಮಾದರಿಯಿಂದ, ಮರುವರ್ಷ ಲ್ಯಾಂಡ್ ರೋವರ್ ಹೊರಬಂತು. ಮುಂದೆ 2008ರಲ್ಲಿ ಟಾಟಾದವರು ಆ ಕಂಪೆನಿಯನ್ನೇ ಕೊಂಡರು. ಒಬ್ಬ ರೈತ ಕೊಂಡ ಹಳೆಯ ಗಾಡಿ ಎಷ್ಟು ದೂರ ಹೋಗಬಹುದು ನೋಡಿ.

ನಮ್ಮ ದೇಶದಲ್ಲಿ ಮಿತ್ರಸೇನೆಗಳು ಬಿಟ್ಟುಹೋದ ಸರಂಜಾಮಿನ ರಾಶಿ ದೊಡ್ಡದು. ಅದನ್ನು ವಿಲೇವಾರಿ ಮಾಡಲೆಂದೇ ಸರ್ಕಾರದ ಡಿಸ್ಪೋಸಲ್ಸ್ ಇಲಾಖೆಯಿತ್ತು. ಟಾರ್ಪಾಲು, ನೀರಿನ ಡಬ್ಬಿ, ಬೂಟು, ಲಾರಿ, ಜೀಪು ಎಲ್ಲವೂ ಹರಾಜಿಗೆ ಬಂದುವು. 'ಡಿಸ್ಪೋಸಲ್ ಮಾಲು' ಎಂಬುದು ನಮ್ಮ ಊರುಗಳಲ್ಲಿ ಒಂದು ವಿಶೇಷಣವೇ ಆಯಿತು. ಗಟ್ಟಿಮುಟ್ಟು ಎಂಬುದಕ್ಕೂ ಅದೇ ಮಾತು, ಕೆಲಸಕ್ಕೆ ಬಾರದ್ದು ಎಂಬುದಕ್ಕೂ ಅದೇ ಮಾತು. ಹೇಳುವವನ ದನಿಯಿಂದ ಅರ್ಥ ತಿಳಿಯಬೇಕು.

ಹೊಸ ಜೀಪು ನಮ್ಮಲ್ಲಿ ಬಂದ ಬಗೆಯನ್ನೂ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. 1945ರ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರೂ ಮಲಿಕ್ ಗುಲಾಮ್ ಮುಹಮ್ಮದ್ ಅವರೂ ಕೂಡಿ 'ಮಹೀಂದ್ರ ಅಂಡ್ ಮುಹಮ್ಮದ್' ಎಂಬ ಕಂಪೆನಿಯನ್ನು ತೆರೆದರು. ದೇಶ ಒಡೆಯಿತು. ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯೂ 1951ರಲ್ಲಿ ಗವರ್ನರ್ ಜನರಲ್ಲೂ ಆದರು. ಇಲ್ಲಿ 1948ರಲ್ಲಿ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಮೊದಲಕ್ಷರಗಳನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ. ವಿಲ್ಲೀಸಿನಿಂದ ಬಿಡಿಭಾಗಗಳನ್ನು ತರಿಸಿ ಮಜಗಾಂವಿನಲ್ಲಿ ಜೋಡಿಸಿದ ಮೊದಲ ಜೀಪು 1949ರದು. ಆಮೇಲಿನ ದಶಕಗಳಲ್ಲಿ ಅಮಲ್ದಾರರು, ಬ್ಲಾಕ್ ಅಭಿವೃದ್ಧಿ ಅಧಿಕಾರಿ, ಮಲೇರಿಯಾ ಇಲಾಖೆ, ಚುನಾವಣೆಗೆ ನಿಂತವರು, ಎಲ್ಲರೂ ಅದನ್ನೇರಿದರು. ಹಳ್ಳಿಯ ಮಟ್ಟಿಗೆ ಸರ್ಕಾರವೆಂದರೆ ಜೀಪು, ಜೀಪೆಂದರೆ ಸರ್ಕಾರ ಎಂಬಷ್ಟು.

ಆದರೆ ಹಳೆಯ ಜೀಪನ್ನು ಕೊಳ್ಳಲು ಹೋಗಿ ಸ್ವತಂತ್ರ ಭಾರತದ ಸರ್ಕಾರವೇ ಕೈಸುಟ್ಟುಕೊಂಡ ಸಂಗತಿ ಇಂದಿನ ತರುಣರಿಗೆ ತಿಳಿದಂತಿಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1947ರ ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಯುದ್ಧ ಹತ್ತಿಕೊಂಡಿತು. ಬೆಟ್ಟದ ದಾರಿಗಳಲ್ಲಿ ಸೈನ್ಯಕ್ಕೆ ಜೀಪು ಬೇಕು, ಕೂಡಲೇ ಬೇಕು, ಸಾವಿರಗಟ್ಟಲೆ ಬೇಕು. ಹೊಸದನ್ನು ಅಮೆರಿಕದಿಂದ ತರಿಸೋಣವೆಂದರೆ ಡಾಲರಿನ ಅಭಾವ. ಲಂಡನ್ನಿನಲ್ಲಿ ಆಗ ನಮ್ಮ ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣಮೆನನ್. ಬ್ಯಾರಿಸ್ಟರ್, ಮಹಾ ಮೇಧಾವಿ, ವಾಗ್ಮಿ. ಪುಸ್ತಕಪ್ರಿಯರಾದ ಓದುಗರಿಗೆ ಇನ್ನೊಂದು ಸಂಗತಿ ರುಚಿಸಬಹುದು. 1937ರಲ್ಲಿ ಆರಂಭವಾದ, ಜ್ಞಾನವನ್ನು ಆರು ಪೆನ್ಸಿಗೆ ಮನೆಮನೆಗೆ ಮುಟ್ಟಿಸಿದ 'ಪೆಲಿಕನ್' ಪುಸ್ತಕಮಾಲೆಯ ಮೊದಲ ಸಂಪಾದಕರಲ್ಲಿ ಇವರೊಬ್ಬರು. ಒಳ್ಳೆಯ ಪುಸ್ತಕವನ್ನು ಆರಿಸಬಲ್ಲ ಕಣ್ಣು ಅವರಿಗಿತ್ತು. ಜೀಪಿನ ವಿಷಯ ಬೇರೆಯಾಯಿತು.

1948ರಲ್ಲಿ ಮೆನನ್ನರ ಕಚೇರಿ ಎರಡು ಸಾವಿರ ಹಳೆಯ ಜೀಪುಗಳನ್ನು, ದುರಸ್ತು ಮಾಡಿ ಹೊಸದರಂತೆ ಮಾಡಿಕೊಡುವ ಕರಾರಿನ ಮೇಲೆ, ಹೆಚ್ಚಿನ ಬಂಡವಾಳವೇ ಇಲ್ಲದ ಒಂದು ಸಣ್ಣ ಕಂಪೆನಿಯಿಂದ ಕೊಳ್ಳಲು ಒಪ್ಪಿತು. ಮಾಮೂಲಿನ ಕ್ರಮಗಳನ್ನು ಬದಿಗಿಟ್ಟು ಮಾಡಿದ ಒಪ್ಪಂದ ಅದು. ಬೆಲೆಯ ಬಹುಭಾಗವನ್ನು ಗಾಡಿ ನಮ್ಮ ಬಂದರನ್ನು ಕಾಣುವ ಮೊದಲೇ ಕೊಡಬೇಕು; ಪ್ರತಿಯೊಂದು ಗಾಡಿಯನ್ನೂ ಪರೀಕ್ಷಿಸಬೇಕೆಂಬ ನಿಯಮವನ್ನೂ ಸಡಿಲಿಸಲಾಗಿತ್ತು. 1949ರಲ್ಲಿ ಮದರಾಸಿನ ಬಂದರಿಗೆ ಬಂದಿಳಿದದ್ದು 155 ಜೀಪುಗಳು. ಸೈನ್ಯದವರು ಅವನ್ನು ಇಳಿಸಿ ನೋಡಿದರು. ಉಪಯೋಗಕ್ಕೆ ಬಾರದವು ಎಂದು ತೀರ್ಮಾನಿಸಿದರು. ಮೇಲೆ ಬಣ್ಣವಿತ್ತು, ಒಳಗೆ ಸತ್ತ್ವವಿರಲಿಲ್ಲ. ಉಳಿದವು ಬರಲೇ ಇಲ್ಲ. ನಷ್ಟವನ್ನು ತುಂಬಿಕೊಳ್ಳಲೆಂದು ಇನ್ನೊಂದು ಕಂಪೆನಿಯೊಡನೆ 1,007 ಜೀಪುಗಳಿಗೆ ಮತ್ತೊಂದು ಒಪ್ಪಂದವಾಯಿತು. ಅದರಲ್ಲಿ ಬಂದುದು 49.

ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಟೀಕಿಸಿತು. ವಿಚಾರಣೆಯಾಗಬೇಕೆಂಬ ಕೂಗು ವರ್ಷಗಟ್ಟಲೆ ನಡೆಯಿತು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದವಲ್ಲಭ ಪಂತರು ಈ ಪ್ರಕರಣ ಸರ್ಕಾರದ ಮಟ್ಟಿಗೆ ಮುಗಿಯಿತೆಂದು ಸಾರಿದರು. ಮುಂದಿನ ಫೆಬ್ರವರಿಯಲ್ಲಿ ಮೆನನ್ ನೆಹರೂ ಅವರ ಮಂತ್ರಿಮಂಡಲವನ್ನು ಸೇರಿದರು, 1957ರಲ್ಲಿ ರಕ್ಷಣಾಮಂತ್ರಿಯೇ ಆದರು. ಮೆನನ್ ಹಣ ತಿಂದರೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಅಂಥ ಆಪಾದನೆಯನ್ನು ನಾನೂ ಮಾಡಲಾರೆ. ಯುದ್ಧದ ಅವಸರವಿತ್ತು ಎಂಬುದೂ ನಿಜ. ನನ್ನನ್ನು ಕಾಡುವುದು ಒಂದೇ ಪ್ರಶ್ನೆ. ಒಂದು ಸಂತೆಯಲ್ಲಿ ಎತ್ತು ಕೊಳ್ಳುವ ನಮ್ಮ ರೈತ ಅದರ ಬಾಯಿ ತೆರೆಸಿ ಹಲ್ಲು ಎಣಿಸದೆ ಸಂಚಕಾರ ಕೊಡುವುದಿಲ್ಲ. ಇಷ್ಟು ದೊಡ್ಡ ಬುದ್ಧಿವಂತರಿಗೆ ಅದು ಏಕೆ ಹೊಳೆಯಲಿಲ್ಲ?

ಆದರೆ ಹಲ್ಲು ಎಣಿಸಿ ಬಲ್ಲ ರೈತನೇ ಜೀಪಿನ ಮುಂದೆ ನಿಂತಾಗ ಏನು ಮಾಡಿದನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರೈತರು ನನ್ನ ತಂದೆ.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಒಂಟಿಮನೆ. ಒಂದಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ. ಡಾಂಬರು ರಸ್ತೆಗೆ ನಾಲ್ಕು ಮೈಲಿ ಮಣ್ಣಿನ ದಾರಿ. ಅದರ ನಡುವೆ ಒಂದು ಹಳ್ಳ, ಹಳ್ಳದಾಚೆ ಒಂದು ದರೆ. 1971ರ ಬೇಸಗೆಯಲ್ಲಿ, ನನಗೆ ಆಗ ಹನ್ನೊಂದು ವರ್ಷ, ಅಪ್ಪಯ್ಯ ಶಿವಮೊಗ್ಗೆಯ ಒಬ್ಬ ವ್ಯಾಪಾರಿಯಿಂದ ಮಿಲಿಟರಿ ಜೀಪೊಂದನ್ನು ಕೊಂಡು ತಂದರು. ಅಂಗಳಕ್ಕೆ ಅದು ಬಂದು ನಿಂತ ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಆರತಿ ತಂದಳು. ಅಜ್ಜಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ಅದು ಬಿಸಿಯಾಗಿದ್ದುದರಿಂದ ಬೆರಳನ್ನು ಚಟಕ್ಕನೆ ಹಿಂದೆಗೆದು ನಕ್ಕಳು.

ಆ ಗಾಡಿಗೆ ಆಗಲೇ ಎಷ್ಟೋ ಕೈ ತಾಗಿತ್ತು. ಹಿಂಭಾಗವನ್ನು ಒಂದೂವರೆ ಅಡಿ ಉದ್ದ ಮಾಡಿ ಎರಡು ಕಡೆಗೂ ಹಲಗೆಯ ಬೆಂಚು ಹಾಕಿದ್ದರು. ಬಟ್ಟೆಯ ಹುಡ್ಡಿನ ಬದಲಿಗೆ ಮರದ ಚೌಕಟ್ಟಿನ ಮೇಲೆ ತಗಡಿನ ಮಾಡಿತ್ತು. ಸ್ಟೇರಿಂಗು ಮಾತ್ರ ಅಮೆರಿಕದವರು ಇಟ್ಟಂತೆ ಎಡಗಡೆಗೇ ಇತ್ತು. ಎದುರಿನ ಗಾಡಿಯನ್ನು ಹಿಂದೆ ಹಾಕುವಾಗ ರಸ್ತೆ ಕಾಣುತ್ತಿದ್ದುದು ಬಲಗಡೆ ಕುಳಿತವನಿಗೆ. ಆದ್ದರಿಂದ ಅಪ್ಪಯ್ಯನ ಪಕ್ಕದಲ್ಲಿ ಕುಳಿತು "ಹೋಗಲಿ, ಹೋಗಲಿ" ಎಂದು ಹೇಳುವ ಅಧಿಕಾರ ನನಗೆ ದೊರೆಯಿತು. ನಡುವೆ ಮೂರು ಸನ್ನೆಗೋಲುಗಳು. ಉದ್ದನೆಯದು ಗೇರು. ಪಕ್ಕದ ಎರಡರಲ್ಲಿ ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತದೆ, ಆಗ ಎಂಥ ಕೆಸರಾದರೂ ಗಾಡಿ ನಿಲ್ಲುವುದಿಲ್ಲ ಎಂದು ವ್ಯಾಪಾರಿ ಹೇಳಿದ್ದ. ಬಂದವರಿಗೆಲ್ಲ ಅಪ್ಪಯ್ಯ ಅದನ್ನು ಎಳೆದು ತೋರಿಸುತ್ತಿದ್ದರು. ಅದು 'ಕಟಕ್' ಎಂದು ಕೂರುತ್ತಿತ್ತು. ಬೇಸಗೆಯ ಒಣದಾರಿಯಲ್ಲಿ ಅದರ ಅಗತ್ಯ ಬೀಳಲಿಲ್ಲ.

ಆಷಾಢದ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟತೊಡಗಿತು. ಮೂರು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಹಿಂದಿನ ಬೆಂಚಿನ ಮೇಲೆ ಹಾಸಿಗೆ ಹಾಸಿ ಅವಳನ್ನು ಮಲಗಿಸಿಕೊಂಡು ಹೊರಟೆವು. ಹಳ್ಳವನ್ನು ಹೇಗೋ ದಾಟಿದೆವು. ದರೆಯ ಬುಡದಲ್ಲಿ ಗಾಡಿ ಜಾರಿತು. ಅಪ್ಪಯ್ಯ ಆ ಸನ್ನೆಗೋಲನ್ನು ಎಳೆದರು. 'ಕಟಕ್' ಎಂದಿತು. ಎಂಜಿನ್ನು ಅರಚಿತು, ಹಿಂದಿನ ಚಕ್ರಗಳು ಕೆಸರನ್ನು ಎರಚುತ್ತ ಅಚ್ಚಿನವರೆಗೆ ಹೂತುಹೋದುವು. ಲಾಟೀನು ಹಿಡಿದು ಕೆಳಗಿಳಿದಿದ್ದ ನಾನು ನೋಡಿದೆ, ಮುಂದಿನ ಚಕ್ರಗಳು ಅಲುಗಲೇ ಇಲ್ಲ. "ಅಪ್ಪಯ್ಯ, ಮುಂದಿಂದು ತಿರುಗುತ್ತಾ ಇಲ್ಲ" ಎಂದು ಕೂಗಿದ್ದು ನೆನಪಿದೆ. ಕೊನೆಗೆ ಆಳುಗಳು ಬಿದಿರ ಗಳುವಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ ಅಜ್ಜಿಯನ್ನು ಹೊತ್ತರು. ಡಾಂಬರು ರಸ್ತೆಯಲ್ಲಿ ಲಾರಿಯೊಂದು ಸಿಕ್ಕಿ ಕೊಪ್ಪದ ಆಸ್ಪತ್ರೆ ಮುಟ್ಟಿದಾಗ ಬೆಳಗಾಗಿತ್ತು. ಮಾರನೆಯ ಸಂಜೆ ಅಜ್ಜಿ ತೀರಿಕೊಂಡಳು. ಹೃದಯ ಮೊದಲೇ ಸೋತಿತ್ತು, ನಾಲ್ಕು ಗಂಟೆ ಮೊದಲು ಬಂದಿದ್ದರೂ ಹೆಚ್ಚು ಏನೂ ಆಗುತ್ತಿರಲಿಲ್ಲ ಎಂದರು ವೈದ್ಯರು. ಅಪ್ಪಯ್ಯ ಅದನ್ನು ನಂಬಿದರೋ ಇಲ್ಲವೋ ಅವರೆಂದೂ ಹೇಳಲಿಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲೆ ಪೇಟೆಯಿಂದ ಮೆಕ್ಯಾನಿಕ್ಕು ಬಂದ. ಗೋಣಿತಾಟು ಹಾಸಿ ಗಾಡಿಯಡಿಗೆ ನುಸುಳಿದವನು ಅಲ್ಲಿಂದಲೇ ಕೂಗಿದ: "ಭಟ್ರೇ, ಮುಂದಿನ ಷಾಫ್ಟೇ ಇಲ್ಲವಲ್ಲ!" ಎಂಜಿನ್ನಿನ ಶಕ್ತಿಯನ್ನು ಮುಂದಿನ ಅಚ್ಚಿಗೆ ಒಯ್ಯುವ ಉಕ್ಕಿನ ದಂಡವನ್ನು ಯಾರೋ ಬಿಚ್ಚಿ ಮಾರಿಕೊಂಡಿದ್ದರು. ಪೆಟ್ರೋಲು ಉಳಿಸಲೆಂದು ತೆಗೆದಿಡುವವರೂ ಆಗ ಇದ್ದರಂತೆ. ಸನ್ನೆಗೋಲು ಮಾತ್ರ ಇದ್ದಲ್ಲೇ ಇತ್ತು. ಅದಕ್ಕೂ ಚಕ್ರಕ್ಕೂ ನಡುವೆ ಇದ್ದದ್ದು ಬಯಲು. ಅಪ್ಪಯ್ಯ ಶಿವಮೊಗ್ಗೆಗೆ ಹೋಗಿ ವ್ಯಾಪಾರಿಯನ್ನು ಕೇಳಿದರು. "ನೀವು ನೋಡಿಯೇ ತಗೊಂಡದ್ದಲ್ಲವೆ?" ಎಂದನಂತೆ. ಅದು ಸತ್ಯವೇ ಆಗಿತ್ತು. ಅಪ್ಪಯ್ಯ ನೋಡಿದ್ದರು, ಮೇಲಿನಿಂದ.

ಆ ಮೆಕ್ಯಾನಿಕ್ಕಿನಿಂದ ನಾನು ಕಲಿತ ಪಾಠಾಂತರ ವಿದ್ಯೆ ನನ್ನ ಗುರುಗಳಿಂದ ಆಮೇಲೆ ಕಲಿತದ್ದಕ್ಕೆ ಏನೂ ಕಡಮೆಯದಲ್ಲ. ಫೋರ್ಡ್ ಕಂಪೆನಿ ತಾನು ಮಾಡಿದ ಜೀಪಿನ ಬೋಲ್ಟುಗಳ ತಲೆಯ ಮೇಲೆ ಕೂಡ ತನ್ನ ಮೊದಲಕ್ಷರ 'ಎಫ್' ಎಂದು ಒತ್ತುತ್ತಿತ್ತು. ಲಿಪಿಕಾರ ಕೊನೆಯಲ್ಲಿ ತನ್ನ ಅಂಕಿತ ಹಾಕಿದಂತೆ. ರೇಡಿಯೇಟರಿನ ಕೆಳಗೆ ಎರಡು ಷಾಸಿಪಟ್ಟಿಗಳನ್ನು ಕೂಡಿಸುವ ಅಡ್ಡಪಟ್ಟಿ ವಿಲ್ಲೀಸಿನದಾದರೆ ದುಂಡು ಕೊಳವೆ, ಫೋರ್ಡಿನದಾದರೆ ಬೋರಲು ಹಾಕಿದ ದೋಣಿಯಂತೆ. ನಮ್ಮ ಜೀಪಿನಲ್ಲಿ ಕೊಳವೆಯೂ ಇತ್ತು, 'ಎಫ್' ಒತ್ತಿದ ಬೋಲ್ಟುಗಳೂ ಇದ್ದುವು. ಎರಡು ಪ್ರತಿಗಳನ್ನು ಕಲಸಿ ಬರೆದ ಮೂರನೆಯ ಪ್ರತಿ ಅದು.

ಅಪ್ಪಯ್ಯ ಗಾಡಿಯನ್ನು ಮಾರಲಿಲ್ಲ. ಬೆಂಗಳೂರಿಗೆ ಹೋಗಿ, ಎರಡು ದಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಅಲೆದು, ಹಳೆಯ ಷಾಫ್ಟೊಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಮುಂದಿನ ಮಳೆಗಾಲ ಜೀಪು ಅದೇ ದರೆಯನ್ನು ನಿಲ್ಲದೆ ಹತ್ತಿತು. ಮೇಲೆ ಹೋಗಿ ನಿಂತ ಮೇಲೆ ಅಪ್ಪಯ್ಯ ಎಂಜಿನ್ನು ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು.

1973ರ ಅಕ್ಟೋಬರಿನ ಬಳಿಕ ಅರಬ್ ರಾಷ್ಟ್ರಗಳು ಎಣ್ಣೆಯ ಬೆಲೆಯನ್ನು ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು ಮಾಡಿದಾಗ ಮಲೆನಾಡಿನ ಜೀಪುಗಳಿಗೆ ಇನ್ನೊಂದು ಅವತಾರವಾಯಿತು. ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸುವ ಕೆಲಸ ಗ್ಯಾರೇಜು ಗ್ಯಾರೇಜುಗಳಲ್ಲೂ ನಡೆಯಿತು. ಮಹೀಂದ್ರ ಕಂಪೆನಿಯೇ ಆ ದಶಕದಲ್ಲಿ ತನ್ನ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿಗೆ ಹೊಂದಿಸಿತೆಂದ ಮೇಲೆ ಊರಿನ ಮೇಸ್ತ್ರಿಗಳನ್ನು ದೂರುವಂತಿಲ್ಲ. ಆದರೆ ಡೀಸೆಲ್ ಎಂಜಿನ್ನು ತೂಕದ್ದು, ನಡುಗುವಂಥದ್ದು. ಅದರ ಭಾರಕ್ಕೆ ಮುಂದಿನ ಸ್ಪ್ರಿಂಗಿನ ಪಟ್ಟೆಗಳು ಕುಗ್ಗುತ್ತವೆ; ಇನ್ನೊಂದು ಪಟ್ಟೆ ಸೇರಿಸಿದರೆ ಗಾಡಿ ಕುಪ್ಪಳಿಸುತ್ತದೆ; ಸ್ಟೇರಿಂಗು ಬಿಗಿಯುತ್ತದೆ; ಎಂಜಿನ್ನನ್ನು ಹಿಡಿದ ಕಟ್ಟುಗಳ ಬಳಿ ಷಾಸಿ ಬಿರುಕು ಬಿಡುತ್ತದೆ. ಒಂದನ್ನು ಬದಲಿಸಿದವನು ಅದರ ಹಿಂದೆ ನಾಲ್ಕನ್ನು ಬದಲಿಸಬೇಕು. ಬದಲಿಸದೆ ಬಿಟ್ಟ ಆ ನಾಲ್ಕು ಕೊಂಡವನ ಪಾಲಿಗೆ ಬರುತ್ತವೆ. ಆದರೂ ಈ ಕೈಕಸುಬನ್ನು ಹಗುರವಾಗಿ ಕಾಣಲು ನನ್ನ ಮನಸ್ಸು ಒಪ್ಪದು. ಡಾರ್ಜಿಲಿಂಗಿನ ಮಾನೆಭಂಜಾಂಗಿನಿಂದ ಸಂದಕ್‌ಫುವಿಗೆ ಹತ್ತುವ, 1950ರ ದಶಕದ ಲ್ಯಾಂಡ್ ರೋವರುಗಳ ಹೊಟ್ಟೆಯಲ್ಲಿ ಮಹೀಂದ್ರದ ಡೀಸೆಲ್ ಎಂಜಿನ್ನು ಗುಡುಗುವುದುಂಟು. ಕೆಲವು ವರ್ಷಗಳ ಹಿಂದೆ ಕೊಡಚಾದ್ರಿಗೆ ನನ್ನನ್ನು ಹತ್ತಿಸಿದ ಜೀಪಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿತ್ತೋ ದೇವರೇ ಬಲ್ಲ. ಆ ಕಲ್ಲುದಾರಿಯನ್ನು ಅದು ಮೇಕೆಯಂತೆ ಹತ್ತಿತು.

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಎಚ್ಚರದಿಂದಿದೆ. ಗಾಡಿಗೆ ಮಾರ್ಪಾಡು ಮಾಡಿದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1939ರ ಮೋಟಾರು ವಾಹನ ಕಾಯಿದೆಯಲ್ಲೇ ಇತ್ತು. 1988ರ ಕಾಯಿದೆಯ 52ನೆಯ ಕಲಮು ಅದನ್ನು ಮುಂದುವರಿಸಿ ಬಿಗಿಮಾಡಿತು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಯಾವ ವಾಹನವನ್ನೂ ಬದಲಿಸಕೂಡದೆಂದು ತೀರ್ಪಿತ್ತಿತು. ಮಾರುವವರು ಮಾತ್ರ ಇದನ್ನು ಕೇಳಿದಂತೆ ಕಾಣುವುದಿಲ್ಲ. ಹರಿಯಾಣದ ದಬ್ವಾಲಿಯಂಥ ಊರುಗಳಲ್ಲಿ ಸೇನೆಯ ಹರಾಜಿನ ಬಿಡಿಭಾಗಗಳನ್ನು ಕೂಡಿಸಿ, ಹೊಸ ತಗಡಿನ ಮೈ ಹೊದಿಸಿ, ಹಳೆಯ ಜೀಪನ್ನು ಹೊಸದಾಗಿ ಹುಟ್ಟಿಸುವ ಕಸುಬು ಬಹುಕಾಲ ಪ್ರಸಿದ್ಧವಾಗಿತ್ತು.

ಚಿಕ್ಕಮಗಳೂರಿನ ಜೀಪಿಗೆ ಬರುತ್ತೇನೆ. ಗೆಳೆಯರಾರನ್ನೋ ಅವಲಂಬಿಸದೆ ಸೋದರಮಾವನನ್ನು ಕರೆದೊಯ್ದ ಹುಡುಗನ ಮೇಲೆ ನನಗೆ ಅಭಿಮಾನ. ಗಾಡಿ ನೋಡಲು ಚೆನ್ನಾಗಿತ್ತು. ಹಸಿರು ಬಣ್ಣ, ಮೊಣಕಾಲೆತ್ತರದ ಟೈರು, ಮುಂದೆ ಕೆಸರಿನಿಂದ ಎಳೆಯುವ ತಂತಿಯ ರಾಟೆ, ಬಾನೆಟ್ಟಿನ ಪಕ್ಕ ಬಿಳಿಯ ನಕ್ಷತ್ರ. ಡ್ಯಾಷ್ ಬೋರ್ಡಿನ ಮೇಲೆ '1944' ಎಂದು ಕೊರೆದ ಹಿತ್ತಾಳೆಯ ಫಲಕ. ಮಾರುವವರು ಸೌಜನ್ಯದಿಂದಲೇ ಮಾತಾಡಿದರು. ಅಳಿಯ ಚಕ್ರದ ಹಿಂದೆ ಕುಳಿತು ಎಂಜಿನ್ನನ್ನು ಗುಡುಗಿಸುತ್ತಿದ್ದಾಗ ನಾನು ಕೈಚೀಲದಲ್ಲಿ ತಂದಿದ್ದ ಹಳೆಯ ವಾರಪತ್ರಿಕೆಗಳನ್ನು ನೆಲಕ್ಕೆ ಹಾಸಿದೆ. (ಸಂಪಾದಕರು ಮನ್ನಿಸಬೇಕು.) "ಅಯ್ಯೋ ಸಾರ್, ಈ ವಯಸ್ಸಲ್ಲಿ ನೀವ್ಯಾಕೆ?" ಎಂದು ಅವರು ಗಾಬರಿಯಾದರು. ನಾನು ಬೆನ್ನ ಮೇಲೆ ಮಲಗಿ ನಿಧಾನವಾಗಿ ಒಳಕ್ಕೆ ಸರಿದೆ.

ಷಾಫ್ಟು ಇತ್ತು. ಕೈಯಿಂದ ತಿರುಗಿಸಿ ನೋಡಿದೆ, ಗಟ್ಟಿಯಾಗಿಯೇ ಇತ್ತು. ನನ್ನ ಎದೆ ಸ್ವಲ್ಪ ಹಗುರವಾಯಿತು. ಷಾಸಿಯಲ್ಲೂ ಬೆಸುಗೆಯ ಗಾಯ ಕಾಣಲಿಲ್ಲ. ಹೊರಗೆ ಬಂದು ಅಳಿಯನ ಕೈಲಿ ಷಾಸಿಯ ನಂಬರನ್ನು ಉಜ್ಜಿಸಿ, ಅವನು ಓದಿದಂತೆ ಕಾಗದದಲ್ಲಿ ಬರೆದುಕೊಂಡೆ. ಆಮೇಲೆ ಆರ್.ಸಿ.ಯನ್ನು ಕೇಳಿ ಪಡೆದು ಪಕ್ಕದಲ್ಲಿಟ್ಟೆ. ಫಲಕದ ಮಾತಿಗೆ ವಿರುದ್ಧವಾಗಿ ಅದರಲ್ಲಿ ಗಾಡಿ ಹುಟ್ಟಿದ ವರ್ಷ 1986. ಅದನ್ನು ಅಲಂಕಾರವೆಂದು ಬಿಡಬಹುದಾಗಿತ್ತು. ಆದರೆ ಇಂಧನ ಪೆಟ್ರೋಲು ಎಂದಿತ್ತು, ಗುಡುಗುತ್ತಿದ್ದುದು ಡೀಸೆಲ್. ನಂಬರಿನಲ್ಲಿ 3 ಇರಬೇಕಾದಲ್ಲಿ ಉಕ್ಕಿನ ಮೇಲೆ 8 ಇತ್ತು. ಎರಡು ಸಲ ಓದಿಸಿದೆ. ಕನ್ನಡಕ ತೆಗೆದು ನಾನೇ ಬೆರಳಿನಿಂದ ತಡವಿ ನೋಡಿದೆ.

"ಒಂದು ಅಂಕಿ ಅಲ್ಲವೆ ಸಾರ್, ಆಫೀಸಿನವರು ಬರೆಯುವಾಗ ತಪ್ಪಿರಬಹುದು" ಎಂದರು ಮಾರುವವರು. ಇರಲೂಬಹುದು. ಲಿಪಿಕಾರನ ಪ್ರಮಾದವೋ, ಪ್ರಕ್ಷೇಪವೋ ಎಂಬುದನ್ನು ಒಂದೇ ಪ್ರತಿಯಿಂದ ನಿರ್ಣಯಿಸಲಾಗುವುದಿಲ್ಲ. ಸಾರಿಗೆ ಕಚೇರಿಯಲ್ಲಿ ದಾಖಲೆ ತೆಗೆಸಿ, ಇಂಧನದ ಬದಲಾವಣೆಗೆ ಅನುಮತಿ ಪತ್ರವಿದ್ದರೆ ತೋರಿಸಿ, ಆಮೇಲೆ ಮುಂಗಡದ ಮಾತಾಡೋಣವೆಂದೆ. ಅವರು ಹೂಂ ಎಂದರು. ಅಲ್ಲಿಂದೀಚೆಗೆ ಅವರ ಫೋನು ಬಂದಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಮುಖ ಸಣ್ಣದಾಗಿತ್ತು. ಬಾಳೆಹೊನ್ನೂರು ದಾಟಿದ ಮೇಲೆ, "ಅಜ್ಜಯ್ಯನ ಜೀಪು ಏನಾಯಿತು ಮಾವ?" ಎಂದು ಕೇಳಿದ. 1979ರಲ್ಲಿ ಕಳಸದ ಕಡೆಯ ಒಬ್ಬ ತೋಟದವರಿಗೆ ಮಾರಿದರು ಎಂದೆ. ಕೊಳ್ಳಲು ಬಂದವರನ್ನು ಅಪ್ಪಯ್ಯ ಕಾಫಿಗೂ ಮೊದಲು ಅಂಗಳಕ್ಕೆ ಕರೆದೊಯ್ದು, ಗೋಣಿತಾಟು ಹಾಸಿ, "ಕೆಳಗೆ ಒಂದು ಸಲ ನೋಡಿಬಿಡಿ" ಎಂದಿದ್ದರು.